ಐದನೇ ಲೆವೆಲ್ಲು

ಲಿಫ್ಟಣ್ಣನಿಗೆ ನಲವತ್ತೆರಡು ವರ್ಷ. ವಾರದಲ್ಲಿ ಆರು ದಿನ ಊರಿನ ಲಿಫ್ಟುಗಳನ್ನು ರಿಪೇರಿ ಮಾಡುತ್ತ ಮೊಣಕೈವರೆಗೂ ಗ್ರೀಸು ಮೆತ್ತಿಕೊಳ್ಳುವ ಮನುಷ್ಯ, ಏಳನೇ ದಿನ ಬೆಳಗ್ಗೆ ಕಂಪನಿಯ ಬಿಡಿಭಾಗಗಳ ಶೆಡ್ಡಿನಲ್ಲಿ ಗಿಟಾರ್ ನೇತುಹಾಕಿಕೊಂಡ ಎಂದರೆ ಮುಗಿಯಿತು, ಅವನೇ ಬೇರೆ! ಚಿಕ್ಕಂದಿನಲ್ಲಿ ಮನೆಯ ಟಿವಿಗೆ ಸಿಕ್ಕಿಸಿದ್ದ ವಿಡಿಯೋ ಗೇಮಿನ ಕೀರಲು ಸಂಗೀತವನ್ನೇ ಹಿಡಿದು, ಬಗ್ಗಿಸಿ, ಉಬ್ಬಿಸಿ, ಕಿಟಕಿ ಗಾಜು ಗಡಗಡ ನಡುಗುವಂಥ ರಾಕ್ ಮಾಡಿಬಿಡುತ್ತಾನೆ. ಬಾಸ್ ಗಿಟಾರಿಗೆ ಭಾವ, ಅಂದರೆ ಅಕ್ಕನ ಗಂಡ. ಡ್ರಮ್ಸಿಗೆ ಔಷಧಿ ಅಂಗಡಿಯವಳು. ತಲೆನೋವಿನ ಮಾತ್ರೆ ಕೊಡುವವಳೂ ಅವಳೇ, ತಲೆನೋವು ತರಿಸುವವಳೂ ಅವಳೇ ಎಂದು ಭಾವ ವಾರಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದ.

ಆ ಗೇಮಿನಲ್ಲಿ ಇದ್ದದ್ದು ಐದು ಲೆವೆಲ್ಲು. ಒಂದೊಂದಕ್ಕೂ ಒಂದೊಂದು ಹಾಡು. ನಾಲ್ಕು ಹಾಡು ಲಿಫ್ಟಣ್ಣನಿಗೆ ನಿದ್ದೆಯಲ್ಲೂ ಬರುತ್ತಿತ್ತು, ಯಾಕೆಂದರೆ ಆಡುತ್ತಿದ್ದುದು ಯಾವಾಗಲೂ ಅಕ್ಕ, ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದುದು ಇವನು. ಐದನೆಯದನ್ನು ಮಾತ್ರ ಕೇಳಿರಲಿಲ್ಲ. ಅವನಿಗೆ ಒಂಬತ್ತು, ಅಕ್ಕನಿಗೆ ಹದಿಮೂರು ಇದ್ದಾಗ, ಒಂದು ದಿನ ಅವನು ತಲೆ ಕಟಿಂಗಿಗೆ ಹೋಗಿ ಬರುವಷ್ಟರಲ್ಲಿ ಅಕ್ಕ ಟಿವಿ ಮುಂದೆ ಕುಣಿಯುತ್ತಿದ್ದಳು.

"ಐದನೇದಕ್ಕೆ ಹೋಗಿದ್ದೆ ಕಣೋ! ಹಿಮದ ಕೋಟೆ! ಹಾಡೇ ಬೇರೆ!"

"ಸುಳ್ಳಿ! ನಾನಿಲ್ದಾಗ್ಲೇ ಹೋಗ್ಬಿಟ್ಯಾ? ಬರೀ ಸುಳ್ಳು!"

ಅಮ್ಮನೂ ನಕ್ಕಳು. ಅಷ್ಟೇ ಆಗಿದ್ದು. ಮರುವಾರವೇ ಆ ಗೇಮಿನ ಕ್ಯಾಸೆಟ್ಟು ಕೆಟ್ಟು ಗುಜರಿ ಸೇರಿತು, ಅಕ್ಕನಿಗೆ ಮತ್ತೆ ಹೋಗಿ ತೋರಿಸುವ ದಾರಿಯೂ ಮುಚ್ಚಿತು. ಅಂದಿನಿಂದ ಆ ಮನೆಯಲ್ಲಿ ಅದೊಂದು ಗಾದೆಯೇ ಆಗಿಹೋಯಿತು. ಅಕ್ಕ ಏನೇ ಹೇಳಲಿ, ಪರೀಕ್ಷೆಯಲ್ಲಿ ಮೊದಲು ಬಂದೆ ಎನ್ನಲಿ, ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಎನ್ನಲಿ, ಯಾರಾದರೊಬ್ಬರು "ಹೌದೌದು, ಐದನೇ ಲೆವೆಲ್ಲು!" ಎಂದು ಕಣ್ಣು ಹೊಡೆಯುವುದೇ. ಮದುವೆಯಾಗಿ ಬಂದ ಭಾವ ಕೂಡ ತಿಂಗಳೊಳಗೆ ಅದನ್ನು ಕಲಿತುಬಿಟ್ಟಿದ್ದ. ಅಕ್ಕ ನಗುತ್ತಿದ್ದಳು, ಆದರೆ ಎಲ್ಲರಿಗಿಂತ ಮೊದಲು ನಗು ನಿಲ್ಲಿಸುತ್ತಿದ್ದಳು.

ಈಗ ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ಬಾರಿಸಲು ಇಪ್ಪತ್ತು ನಿಮಿಷ ಸಿಕ್ಕಿತ್ತು. ಗೇಮನ್ನು ಮೊದಲಿಂದ ಕೊನೆವರೆಗೆ ಬಾರಿಸುತ್ತೇವೆ ಎಂದು ಲಿಫ್ಟಣ್ಣ ಜಂಬದಿಂದ ಒಪ್ಪಿಕೊಂಡೂ ಬಂದ. ಇಂಟರ್ನೆಟ್ಟೆಲ್ಲ ಜಾಲಾಡಿದರೆ ಯಾರೋ ಪುಣ್ಯಾತ್ಮರು ಆಡಿ ಹಾಕಿದ್ದ ಒಂದೇ ಒಂದು ವಿಡಿಯೋ ಸಿಕ್ಕಿತು, ಅದೂ ನಾಲ್ಕನೇ ಲೆವೆಲ್ಲಿಗೇ ಖತಂ. ಉಳಿದದ್ದು ಒಂದೇ ದಾರಿ.

"ಸುಳ್ಳಿ ಹತ್ರ ಕೇಳೋಕೆ ಬಂದಿದ್ದೀಯಲ್ಲ, ನಾಚ್ಕೆ ಆಗಲ್ವೇನೋ?" ಎಂದಳು ಅಕ್ಕ. ಆದರೂ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅವನ ಫೋನನ್ನು ಬಾಯಿಯ ಹತ್ತಿರ ಹಿಡಿದು ಗುನುಗಿದಳು. ವಿಚಿತ್ರವಾಗಿತ್ತು ಆ ಹಾಡು! ಚೆನ್ನಾಗಿ ಓಡುತ್ತಾ ಓಡುತ್ತಾ ಎಡವುತ್ತಿತ್ತು, ಎಡವಿದಲ್ಲೆಲ್ಲ "ಟೀಂಕ್" ಎನ್ನುತ್ತಿತ್ತು, ಆಮೇಲೆ ಅರ್ಧ ಸಾಲಿನಲ್ಲಿ ಗಪ್ಪೆಂದು ನಿಂತುಬಿಟ್ಟಿತು.

"ಮುಂದೆ?"

"ಮುಂದೇನಿಲ್ಲ. ಸತ್ತೆ."

ಶೆಡ್ಡಿನಲ್ಲಿ ಅದನ್ನು ಬಾರಿಸಿದರೆ ಕುಂಟು ಕುದುರೆ ಓಡಿದ ಹಾಗಾಯಿತು. ಸರಿ, ಲಿಫ್ಟಣ್ಣ ರಿಪೇರಿ ಬುದ್ಧಿ ತೋರಿಸಿದ. ಟೀಂಕ್ ತೆಗೆದ, ತೂತುಗಳಿಗೆಲ್ಲ ಸೊಗಸಾದ ಸ್ವರ ತುಂಬಿದ, ಕೊನೆಗೊಂದು ಭರ್ಜರಿ ಮುಕ್ತಾಯವನ್ನೂ ಹೊಲಿದ. ಮುಂದಿನ ವಾರ ಅಕ್ಕನನ್ನೇ ಕರೆಸಿ ಕೇಳಿಸಿದ.

ಅಕ್ಕ ಪೂರ್ತಿ ಕೇಳಿದಳು. "ಚೆನ್ನಾಗಿದೆ. ಆದ್ರೆ ಇದಲ್ಲ. ಅಲ್ಲಿ ಟೀಂಕ್ ಇತ್ತು."

"ಟೀಂಕ್ ಅಂತ ಯಾವ ಹಾಡಲ್ಲಿರುತ್ತೆ ಅಕ್ಕಾ? ನಿಜ ಹೇಳು, ನೀನು ಹೋಗಿದ್ಯಾ?"

ಆ ಮಾತು ಬಾಯಿಂದ ಜಾರಿದ ಮೇಲೆಯೇ ಅವನಿಗೆ ಅದು ಕೇಳಿಸಿದ್ದು. ಅಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು. ಭಾವ ಇಂಗು ತಿಂದ ಮಂಗನ ಹಾಗೆ ಬಾಸ್ ತಬ್ಬಿಕೊಂಡು ನಿಂತ.

"ಒಂದ್ನಿಮಿಷ," ಎಂದಳು ಔಷಧಿ ಅಂಗಡಿಯವಳು. "ಆ ಗುನುಗಿದ್ದು ಹಾಕಿ. ಈಗ ಆ ವಿಡಿಯೋ ಹಾಕಿ. ನಾಲ್ಕನೇ ಲೆವೆಲ್ಲು, ಆಡೋನಿಗೆ ಒಂದೇ ಜೀವ ಉಳಿಯುತ್ತಲ್ಲ, ಅಲ್ಲಿಂದ."

ಹಾಕಿದರು. ಇನ್ನೊಂದು ಸಲ ಸತ್ತರೆ ಆಟವೇ ಮುಗಿಯಿತು ಎನ್ನುವಂತೆ ಒಂದೇ ಜೀವ ಉಳಿದ ತಕ್ಷಣ ಗೇಮು ಎಚ್ಚರಿಕೆಯ ಗಂಟೆ ಹೊಡೆಯತೊಡಗಿತು: ಟೀಂಕ್, ಟೀಂಕ್. ಆ ಹಳೇ ಗೇಮ್ ಪೆಟ್ಟಿಗೆಗೆ ಒಟ್ಟಿಗೆ ಮೂರ್ನಾಲ್ಕು ದನಿಗಿಂತ ಹೆಚ್ಚು ಹಾಡಲು ಬಾರದು, ಹಾಗಾಗಿ ಗಂಟೆ ಹೊಡೆದಾಗಲೆಲ್ಲ ಹಾಡಿನ ಒಂದು ದನಿಯನ್ನು ನುಂಗಿಹಾಕುತ್ತಿತ್ತು. ಅಕ್ಕನ ಗುನುಗಿನಲ್ಲೂ ತೂತು ಬಿದ್ದಿದ್ದು ಟೀಂಕ್ ಬಿದ್ದಲ್ಲೇ, ಅದೂ ಅಷ್ಟಷ್ಟೇ ಅಂತರಕ್ಕೆ, ಅಳತೆ ಹಿಡಿದಂತೆ!

"ಹಾಡು ಕಟ್ಟಿ ಸುಳ್ಳು ಹೇಳಬಹುದು ಅಣ್ಣಾ. ಇಷ್ಟು ಲೆಕ್ಕವಾಗಿ ತೂತು ಕಟ್ಟೋಕಾಗಲ್ಲ. ಅವ್ರು ಅಲ್ಲಿದ್ರು. ಒಂದೇ ಜೀವದಲ್ಲಿದ್ರು."

ಆ ಗಂಟೆಯನ್ನು ಚಿಕ್ಕಂದಿನಲ್ಲಿ ನೂರು ಸಲ ಕೇಳಿಯೂ ಮರೆತಿದ್ದ ಲಿಫ್ಟಣ್ಣ ತನ್ನ ತಲೆಗೆ ತಾನೇ ಮೊಟಕಿಕೊಂಡ.

ಮರುದಿನ ಮಧ್ಯಾಹ್ನ ಅವನು ಗಿರಾಕಿಯಂತೆ ಅಕ್ಕ ಕೆಲಸಕ್ಕಿದ್ದ ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತ. ಕೋಪ ಬಂದರೆ ಅಕ್ಕ ಬಹುವಚನಕ್ಕೆ ಇಳಿಯುತ್ತಾಳೆ.

"ಗದ್ದ ಎತ್ತಿ. ಅಲ್ಲಾಡ್ಬೇಡಿ." ಮೂಗಿನ ಮೇಲೆ ಕಬ್ಬಿಣದಂಥ ಫ್ರೇಮು ಕೂರಿಸಿ, ಗಾಜು ಬದಲಿಸಿದಳು. "ಯಾವುದು ಚೆನ್ನಾಗಿ ಕಾಣುತ್ತೆ? ಒಂದಾ, ಎರಡಾ?"

"ಐದು."

ಅವಳ ಕೈ ನಿಂತಿತು. ಅವನು ಗಾಜುಗಳ ಹಿಂದಿನಿಂದಲೇ ಗಂಟೆಯ ವಿಷಯ, ತೂತಿನ ವಿಷಯ ಎಲ್ಲ ಒಂದೇ ಉಸಿರಿಗೆ ಒದರಿದ. "ನೀನು ಹೋಗಿದ್ದೆ ಅಕ್ಕಾ. ನಾನೇ ಕತ್ತೆ."

ಅಕ್ಕ ಬೇಡದಿದ್ದರೂ ಇನ್ನೊಂದು ಗಾಜು ಹಾಕಿದಳು. ಅವನಿಗೆ ಅವಳ ಮುಖ ಮಸುಕಾಯಿತು, ಬಹುಶಃ ಅದಕ್ಕೇ ಹಾಕಿದ್ದು.

"ಒಂದೇ ಜೀವ ಇತ್ತು ಕಣೋ. ಆ ಗಂಟೆ ಬೇರೆ ಹೊಡ್ಕೊಳ್ತಾನೇ ಇತ್ತು."

"ಅವತ್ತೇ ಹೇಳಬಾರ್ದಿತ್ತಾ?"

"ಹೇಳೋಕೆ ಬಿಟ್ಯಾ ನೀನು? ಬೋಳು ತಲೆ ಸವರಿಕೊಂಡು ಸುಳ್ಳಿ ಸುಳ್ಳಿ ಅಂತ ಮನೆಯೆಲ್ಲ ಕೂಗ್ತಿದ್ದೆ!"

ಕಾರ್ಯಕ್ರಮದ ದಿನ ಗ್ರಂಥಾಲಯದ ಹಾಲಿನಲ್ಲಿ ಐವತ್ತು ಜನ ಇದ್ದರೇನೋ. ಮೂರನೇ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡ ಅಮ್ಮ. ನಾಲ್ಕು ಹಾಡಾದವು. ಐದನೆಯದು ಶುರುವಾದಾಗ ಲಿಫ್ಟಣ್ಣ ತಾನು ತುಂಬಿದ ಒಂದು ಸ್ವರವನ್ನೂ ಇಟ್ಟುಕೊಂಡಿರಲಿಲ್ಲ. ತೂತುಗಳು ತೂತುಗಳಾಗಿಯೇ ಇದ್ದವು, ಪ್ರತಿ ತೂತಿನಲ್ಲೂ ಗಿಟಾರಿನ ತಂತಿ ಟೀಂಕ್ ಎಂದು ಚೀರುತ್ತಿತ್ತು, ಕೆಳಗಿನಿಂದ ಡ್ರಮ್ಸು ಅಟ್ಟಿಸಿಕೊಂಡು ಬರುತ್ತಿತ್ತು, ಅಯ್ಯೋ, ಈಗ ಸಿಕ್ಕಿಬಿದ್ದರು, ಈಗ ಸಿಕ್ಕಿಬಿದ್ದರು ಎನ್ನುವಾಗ ಮೂವರೂ ಅರ್ಧ ಸಾಲಿನಲ್ಲಿ ಗಪ್ಪೆಂದು ನಿಲ್ಲಿಸಿದರು, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ.

ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

"ಅಲ್ಲೇ ಕಣೋ ಸತ್ತಿದ್ದು!" ಎಂದು ಮೂರನೇ ಸಾಲಿನಿಂದ ಕೂಗು ಬಂತು.

ಹಾಲಿಗೆ ಹಾಲೇ ನಕ್ಕಿತು. ಆ ಗದ್ದಲದಲ್ಲಿ ಅಮ್ಮ ಒಂದು ಕಿವಿಯ ಹತ್ತಿ ತೆಗೆದು ಮಗಳ ಕಡೆ ವಾಲಿದಳು.

"ನಿಜವಾಗ್ಲೂ ಹೋಗಿದ್ಯೇನೇ?"

"ಹೂಂ ಅಮ್ಮ," ಎಂದಳು ಅಕ್ಕ. "ಹೋಗಿದ್ದೆ."