ನೋಡದೆ ಒತ್ತಿದ್ದು

ನಮ್ಮ ಹೆಡ್‌ಮಾಸ್ಟ್ರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಟೀಚರಿಗೆ ಯಾಕೆ ಇಷ್ಟು ಖಾರ ಎಂದು ಯಾರೂ ಕೇಳುವುದು ಬೇಡ. ಹತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಬುತ್ತಿ ಹಂಚಿಕೊಂಡು ಉಂಡವರು ಅವರು. ನನ್ನ ಮಗಳ ಮದುವೆಯಲ್ಲಿ ಪಂಚೆ ಎತ್ತಿಕಟ್ಟಿ ಬಡಿಸಲಿಕ್ಕೆ ನಿಂತವರು. ಬೇರೆ ಯಾರೋ ಮಾಡಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಅವರೇ ಮಾಡಿದರಲ್ಲ, ಅದು ಹೊಟ್ಟೆಯೊಳಗೆ ಕೂತಿದೆ.

ಬೆಳ್ಳಾರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹತ್ತನೇ ಕ್ಲಾಸಿನ ಕ್ಲಾಸ್ ಟೀಚರ್ ಕೂಡ ನಾನೇ. ಶಾಲೆಗೆ ಮೊಬೈಲ್ ತರಬಾರದು ಎಂಬ ನಿಯಮ ನಮ್ಮಲ್ಲೂ ಇದೆ, ಆದರೆ ಆ ನಿಯಮ ಗೇಟಿನವರೆಗೆ ಮಾತ್ರ. ನಮ್ಮ ಕಡೆ ಹುಡುಗಿಯರ ಕೈಗೆ ಮೊಬೈಲ್ ಕೊಡಲು ಮನೆಯವರು ಹೆದರುತ್ತಾರೆ. ಹುಡುಗರಿಗೆ ಕೊಡುತ್ತಾರೆ, ಕೊಟ್ಟು ಮರೆತುಬಿಡುತ್ತಾರೆ. ಅವನು ಏನು ನೋಡುತ್ತಾನೆ, ನೋಡಿದ ಮೇಲೆ ಏನಾಗುತ್ತಾನೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಸಿಕ್ಕಿಬಿದ್ದ ದಿವಸ ನಾಲ್ಕು ಬಾರಿಸಿ ಕೈ ತೊಳೆದುಕೊಳ್ಳುತ್ತಾರೆ.

ಅದಕ್ಕೆ ಆ ವರ್ಷ ಶಾಲೆ ಸುರುವಾದಾಗ ಕ್ಲಾಸಿನ ಹದಿನಾಲ್ಕು ಹುಡುಗರಿಗೂ ಒಂದೊಂದು ನೋಟ್‌ಬುಕ್ ಕೊಟ್ಟೆ. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಲ್ಯಾಬಿನಲ್ಲಿ ಕೂತು, ಪ್ರಯೋಗದ ರೆಕಾರ್ಡ್ ಬರೆಯುವ ಹಾಗೆ ಬರೆಯಬೇಕು. ಆ ವಾರ ಮೊಬೈಲಿನಲ್ಲಿ ಏನು ನೋಡಿದೆ, ಎಷ್ಟು ಹೊತ್ತು ನೋಡಿದೆ, ಆಮೇಲೆ ಮನಸ್ಸು ಹೇಗಿತ್ತು. ಬೈಯುವುದಿಲ್ಲ, ಮನೆಗೆ ಹೇಳುವುದಿಲ್ಲ, ನಾನೊಬ್ಬಳೇ ಓದುವುದು, ಬುಕ್ಕು ಲ್ಯಾಬಿನ ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ ಎಂದು ಮಾತು ಕೊಟ್ಟೆ. ಮೊದಲ ಪುಟಕ್ಕೆ ಒಂದೇ ಒಂದು ನಿಯಮ ಬರೆಸಿದೆ: ನೋಡದೆ ಒತ್ತಬಾರದು. ಲಿಂಕ್ ಇರಲಿ, ಫಾರ್ವರ್ಡ್ ಇರಲಿ, ಲೈಕ್ ಇರಲಿ, ಎದುರಿಗೆ ಇರುವುದನ್ನು ಪೂರ್ತಿ ನೋಡದೆ ಬೆರಳು ಮುಟ್ಟಿಸಬಾರದು. ಪ್ರತಿ ಶನಿವಾರ ಅದನ್ನು ಬಾಯಿಪಾಠ ಹೇಳಿಸುತ್ತಿದ್ದೆ.

ಸುರುವಿಗೆ ಎಲ್ಲರೂ ನನಗೇ ಮಂಕುಬೂದಿ ಎರಚಿದರು. ‘ಅರ್ಧ ಗಂಟೆ ಗಣಿತದ ವಿಡಿಯೋ ನೋಡಿದೆ, ಮನಸ್ಸು ಚೆನ್ನಾಗಿತ್ತು.’ ಅಬ್ಬ, ಎಂಥ ಸಂಭಾವಿತರು! ಗಣಿತದಲ್ಲಿ ಎಂಟು ಮಾರ್ಕು ತೆಗೆದವನೂ ಇದನ್ನೇ ಬರೆದಿದ್ದ. ನಾನು ಒಂದೊಂದು ಬುಕ್ಕಿನಲ್ಲೂ ಕೆಂಪು ಶಾಯಿಯಲ್ಲಿ ನನ್ನ ಕಥೆ ಬರೆದೆ: ನಿನ್ನೆ ಅಡುಗೆಯ ವಿಡಿಯೋ ನೋಡುತ್ತಾ ಒಲೆಯ ಮೇಲಿದ್ದ ಅನ್ನ ಸೀಯಿಸಿದೆ. ಅದು ಸುಳ್ಳೇನೂ ಅಲ್ಲ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬ, ಮಧ್ಯಾಹ್ನ ಮಲಗಿದ ಅಜ್ಜಿಯ ಹೆಬ್ಬೆರಳನ್ನು ಅವರದೇ ಮೊಬೈಲಿಗೆ ಒತ್ತಿ ಲಾಕ್ ತೆಗೆಯುತ್ತಿದ್ದ. ಇನ್ನೊಬ್ಬ ಗೇಮಿನಲ್ಲಿ ಸೋತ ಸಿಟ್ಟಿಗೆ ನಾಯಿಗೆ ಒದ್ದು, ಮತ್ತೆ ಅದರ ಹತ್ತಿರವೇ ಕೂತು ಅತ್ತಿದ್ದ.

ಪಂಜದ ಕಡೆಯಿಂದ ಬರುವ ಹುಡುಗನೊಬ್ಬನಿದ್ದ. ಎತ್ತರದ ಆಳು, ಕಡೆಯ ಬೆಂಚು, ವಾಲಿಬಾಲ್ ಟೀಮಿನವನು. ಬಾಯಿ ತೆರೆದರೆ ಮುತ್ತು ಉದುರುತ್ತದೋ ಎಂಬಷ್ಟು ಮೌನ. ಅವನ ಅಮ್ಮನ ಮೊಬೈಲ್ ಹೆಚ್ಚು ಹೊತ್ತು ಇವನ ಕೈಯಲ್ಲೇ ಇರುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಅವನು ಆರು ಸಾಲು ಬರೆದ. ನೋಡಬಾರದ ವಿಡಿಯೋ ನೋಡಿದ್ದೇನೆ, ಎರಡು ಸಲ ಬಿಟ್ಟೆ, ಪುನಃ ನೋಡಿದೆ, ಈಗ ಅಕ್ಕನ ಮುಖ ನೋಡಿ ಮಾತಾಡಲಿಕ್ಕೆ ಆಗುವುದಿಲ್ಲ, ನಾನು ಹಾಳಾದೆನಾ ಟೀಚರ್?

ಆ ಆರು ಸಾಲನ್ನು ಎರಡು ಸಲ ಓದಿದೆ. ಸಂತಾನೋತ್ಪತ್ತಿಯ ಪಾಠದಲ್ಲಿ ಹುಡುಗರು ಮುಸಿಮುಸಿ ನಕ್ಕರೆ ಮೇಜಿಗೆ ಡಸ್ಟರ್ ಬಡಿದು ಮುಂದಿನ ಪುಟಕ್ಕೆ ಹೋಗುತ್ತಿದ್ದವಳು ನಾನು. ನನ್ನಂಥವಳ ಹತ್ತಿರ ಇದನ್ನು ಕೇಳಿದನಲ್ಲ! ಎರಡು ದಿನ ಯೋಚಿಸಿ ಉತ್ತರ ಬರೆದೆ. ನೀನು ಹಾಳಾಗಿಲ್ಲ, ಹಾಳಾದವರು ಹೀಗೆ ಕೇಳುವುದಿಲ್ಲ. ಆ ವಿಡಿಯೋಗಳಲ್ಲಿ ಇರುವುದು ಗಂಡು ಹೆಣ್ಣಿನ ನಿಜವಾದ ಬದುಕಲ್ಲ, ಮಾರಲಿಕ್ಕೆ ಮಾಡಿದ್ದು. ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಇಡು, ಏನು ನೋಡುವುದಿದ್ದರೂ ಎಲ್ಲರ ಎದುರು ಅಲ್ಲೇ ನೋಡು, ಅಲ್ಲೇ ಬಿಟ್ಟು ಬಾ. ಪುನಃ ನೋಡಿದರೂ ಬಂದು ಬರೆ, ಬರೆಯುವುದನ್ನು ಮಾತ್ರ ಬಿಡಬೇಡ.

ಅವನು ಬಿಡಲಿಲ್ಲ. ‘ಈ ವಾರ ಇಲ್ಲ.’ ‘ಒಂದು ಸಲ.’ ‘ಇಲ್ಲ.’ ‘ಇಲ್ಲ.’ ಜನವರಿಯ ಒಂದು ಶನಿವಾರ ಬರೆದಿದ್ದ, ಅಕ್ಕನೊಟ್ಟಿಗೆ ಜಗಲಿಯಲ್ಲಿ ಕೂತು ಚಹಾ ಕುಡಿದೆ ಎಂದು. ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನಾನು ಹೆಡ್‌ಮಾಸ್ಟ್ರ ಹತ್ತಿರ ಜಂಬ ಕೊಚ್ಚಿದೆ. ಯಾರ ಹೆಸರನ್ನೂ ಹೇಳಲಿಲ್ಲ, ಆದರೆ ಹುಡುಗರು ಹೇಗೆ ಮನಸ್ಸು ಬಿಚ್ಚಿ ಬರೆಯುತ್ತಾರೆ, ನಾನು ಹೇಗೆ ಉತ್ತರ ಕೊಡುತ್ತೇನೆ ಎಂದು ಊಟದ ಹೊತ್ತಿನಲ್ಲಿ ವರ್ಣಿಸಿದ್ದೇ ವರ್ಣಿಸಿದ್ದು. ಅವರ ಕಣ್ಣು ಅರಳಿತು. ನನ್ನ ಮೇಲಿನ ಅಭಿಮಾನ ಅಂದುಕೊಂಡೆ.

ಫೆಬ್ರವರಿಯಲ್ಲಿ ನನಗೆ ಪುತ್ತೂರಿನಲ್ಲಿ ಎರಡು ದಿನದ ತರಬೇತಿ ಬಂತು. ಪ್ರಾಕ್ಟಿಕಲ್ ರೆಕಾರ್ಡ್ ನೋಡಲು ಮೇಲಿನವರು ಬಂದರೂ ಬರಬಹುದು ಎಂದು ಹೆಡ್‌ಮಾಸ್ಟ್ರು ಲ್ಯಾಬಿನ ಕಪಾಟಿನ ಕೀ ಕೇಳಿದರು. ಕೊಟ್ಟೆ. ಹುಡುಗರ ಬುಕ್ಕೂ ಅದರೊಳಗೇ ಇದೆ ಎಂದು ಆಗ ಹೊಳೆಯಲೇ ಇಲ್ಲ.

ಈಗ ನಮ್ಮ ಶಾಲೆಗಳಲ್ಲಿ ಏನು ಮಾಡಿದರೂ ಗ್ರೂಪಿಗೆ ಫೋಟೋ ಹಾಕಬೇಕು. ಗಿಡ ನೆಟ್ಟರೆ ಫೋಟೋ, ಬಾಳೆಹಣ್ಣು ಕೊಟ್ಟರೆ ಫೋಟೋ, ಪರೀಕ್ಷೆಗೆ ಮೊದಲು ಮಕ್ಕಳ ಮನೆ ಭೇಟಿಗೆ ಹೋದರೆ ತಂದೆತಾಯಿಯ ನಡುವೆ ನಿಂತು ಫೋಟೋ. ಫೋಟೋ ಇಲ್ಲದಿದ್ದರೆ ಆ ಕೆಲಸ ಆಗಿಯೇ ಇಲ್ಲ ಎಂದು ಲೆಕ್ಕ. ಯಾರನ್ನು ಹೊಗಳಿದ್ದಾರೋ ಅವರು ಕೂಡಲೇ ಕೈ ಮುಗಿದ ಚಿತ್ರ ಒತ್ತಬೇಕು, ತಡವಾದರೆ ಧಿಮಾಕು ಅನ್ನುತ್ತಾರೆ.

ಎರಡನೆಯ ದಿನ ಸಂಜೆ ಪುತ್ತೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಹತ್ತನೇ ಕ್ಲಾಸಿನ ಪೋಷಕರ ಗ್ರೂಪಿನಲ್ಲಿ ಹೆಡ್‌ಮಾಸ್ಟ್ರ ಮೆಸೇಜು ಬಂತು. ನಮ್ಮ ವಿಜ್ಞಾನ ಟೀಚರ ವಿನೂತನ ಪ್ರಯತ್ನ, ಶಾಲೆಗೇ ಹೆಮ್ಮೆ ಎಂದಿತ್ತು. ಕೆಳಗೆ ಮೂರು ಫೋಟೋ, ಮೂರೂ ಮಸುಕು, ನಡುವೆ ಚಕ್ರ ತಿರುಗುತ್ತಿತ್ತು. ಆ ದಾರಿಯಲ್ಲಿ ರೇಂಜ್ ಅಷ್ಟೇ, ಅಕ್ಷರ ಬರುತ್ತದೆ, ಫೋಟೋ ಬರುವುದಿಲ್ಲ. ಹೊಗಳಿಕೆ ಓದಿ ನನಗೆ ತಲೆ ನಿಲ್ಲಲಿಲ್ಲ. ಕೈ ಮುಗಿದ ಚಿತ್ರ ಒತ್ತಿದೆ. ಒಂದಲ್ಲ, ಮೂರು.

ಬೆಳ್ಳಾರೆಯಲ್ಲಿ ಇಳಿದಾಗ ಫೋಟೋ ತೆರೆದುಕೊಂಡಿತು. ಮೂರನೆಯದು ಆ ಆರು ಸಾಲು. ಕೆಳಗೆ ನನ್ನ ಕೆಂಪು ಶಾಯಿ. ಮೂಲೆಯಲ್ಲಿ ಹುಡುಗನ ಹೆಸರಿನ ಮೇಲೆ ಹೆಡ್‌ಮಾಸ್ಟ್ರ ಹೆಬ್ಬೆರಳು ಅಡ್ಡ ಇತ್ತು. ಹೆಸರು ಮುಚ್ಚಿದರೆ ಮುಗಿಯಿತಾ? ಎಡಕ್ಕೆ ವಾಲಿದ ಆ ಅಕ್ಷರ ಇಡೀ ಕ್ಲಾಸಿಗೆ ಗೊತ್ತು. ಅವನ ಮನೆಯಿಂದ ಆ ಗ್ರೂಪಿನಲ್ಲಿದ್ದದ್ದು ಅಮ್ಮನ ನಂಬರ್ ಅಲ್ಲ, ಅಕ್ಕನದು.

ಬಸ್‌ಸ್ಟ್ಯಾಂಡಿನಲ್ಲೇ ನಿಂತು ಫೋನ್ ಮಾಡಿದೆ. ಕೂಡಲೇ ತೆಗೆಯಿರಿ ಎಂದು ಹೇಳುವಾಗ ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಅವರಿಗೆ ಆಶ್ಚರ್ಯ.

“ಹೆಸರು ಮುಚ್ಚಿದ್ದೇನಲ್ಲ ಟೀಚರೇ. ನಿಮಗೆ ಒಳ್ಳೆ ಹೆಸರು ಬರ್ಲಿ ಅಂತ ಹಾಕಿದ್ದು. ನೀವೇ ಕೈ ಮುಗಿದಿದ್ದೀರಿ, ಈಗ ಎಂತ ಆಯ್ತು?”

ತೆಗೆದರು. ಅಷ್ಟರೊಳಗೆ ನೋಡುವವರೆಲ್ಲ ನೋಡಿ ಆಗಿತ್ತು.

ಹುಡುಗ ಶಾಲೆಗೆ ಬರಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಪಬ್ಲಿಕ್ ಪರೀಕ್ಷೆ ಎದುರಿಗೇ ಇತ್ತು. ಆ ಶನಿವಾರ ಉಳಿದ ಹದಿಮೂರು ಹುಡುಗರು ಲ್ಯಾಬಿಗೆ ಬಂದು, ತಲೆ ಎತ್ತದೆ ಬರೆದು ಹೋದರು. ಹದಿಮೂರು ಬುಕ್ಕಿನಲ್ಲೂ ಒಂದೇ ಸಾಲು: ಅರ್ಧ ಗಂಟೆ ಗಣಿತದ ವಿಡಿಯೋ ನೋಡಿದೆ.

ಮನೆ ಭೇಟಿಗೆ ಇಬ್ಬರು ಹೋಗಬೇಕು, ಫೋಟೋ ತೆಗೆಯಬೇಕು. ನಾನು ಮೊಬೈಲ್ ಆಫ್ ಮಾಡಿ ಒಬ್ಬಳೇ ಹೋದೆ. ಅಂಗಳದ ಹಗ್ಗದಲ್ಲಿ ರಬ್ಬರ್ ಶೀಟು ಒಣಗುತ್ತಿತ್ತು. ಅವನ ಅಮ್ಮ ಬೆಲ್ಲ, ನೀರು ತಂದಿಟ್ಟು, ಮಗನಿಗೆ ಹೊಟ್ಟೆನೋವು ಎಂದರು. ಒಂದು ಬೈಗುಳ ಬೈದಿದ್ದರೂ ನನಗೆ ಸಮಾಧಾನ ಆಗುತ್ತಿತ್ತು. ಅಕ್ಕ ಒಳಗಿನಿಂದ ಬಂದು, ತಾನು ನೋಡಿದ ಕೂಡಲೇ ಅಳಿಸಿದ್ದೆ, ತಮ್ಮನಿಗೆ ಏನೂ ಹೇಳಲಿಲ್ಲ, ಆದರೆ ಹೊರಗಿನವರು ಅವನಿಗೇ ತೋರಿಸಿ ನಕ್ಕರು ಎಂದು ಹೇಳಿದಳು. ಮತ್ತೆ ಒಳಗೆ ಹೋಗಿ ಅವನನ್ನು ಕಳಿಸಿದಳು.

ಹುಡುಗ ಕಂಬ ಹಿಡಿದು ನಿಂತ. ನಾನು ಎಲ್ಲವನ್ನೂ ಹೇಳಿದೆ. ಕೀ ಕೊಟ್ಟದ್ದು, ಬಸ್ಸು, ರೇಂಜ್ ಇಲ್ಲದ್ದು, ಒತ್ತಿದ್ದು. ಅವನು ಪೂರ್ತಿ ಕೇಳಿದ.

“ಫೋಟೋ ಬರ್ಲಿಲ್ಲ ಅಂತ ಹೇಳುದು ನಂಬ್ತೇನೆ ಟೀಚರ್. ಇಲ್ಲಿಯೂ ರೇಂಜ್ ಹಾಗೇ. ಆದ್ರೆ ನೋಡದೆ ಎಂತಕ್ಕೆ ಒತ್ತಿದ್ದು?”

ತಪ್ಪಾಯ್ತು ಮಗ ಎಂದೆ. ಅವನು ರಬ್ಬರ್ ಶೀಟಿನ ಕಡೆ ನೋಡುತ್ತಾ ಹೇಳಿದ.

“ಪರೀಕ್ಷೆಗೆ ಬರ್ತೇನೆ. ಮತ್ತೆ ಆ ಬುಕ್ಕು ನಂಗೆ ಬೇಕು.”

ಬಂದ. ಬರೆದ. ಪರೀಕ್ಷೆಯ ಅಷ್ಟೂ ದಿನ ನನ್ನ ಕಣ್ಣು ತಪ್ಪಿಸಿ ನಡೆದ. ಈ ನಡುವೆ ನಮ್ಮ ಶಾಲೆಯ ವಿನೂತನ ಪ್ರಯತ್ನಕ್ಕೆ ತಾಲೂಕು ಸಭೆಯಲ್ಲಿ ಹೆಡ್‌ಮಾಸ್ಟ್ರಿಗೆ ಶಾಲು ಹೊದಿಸಿದರು. ನಿಮಗೂ ಒಂದು ಶಾಲು ಕೊಡಿಸುತ್ತಿದ್ದೆ, ನೀವು ಬರಲಿಲ್ಲ ಎಂದು ಅವರು ನನ್ನ ಮೇಲೆಯೇ ಬೇಸರ ಮಾಡಿಕೊಂಡರು. ಅವರಿಗೆ ಇನ್ನೂ ಅರ್ಥವಾಗಿಲ್ಲ. ನಾನೀಗ ಬುತ್ತಿಯನ್ನು ಲ್ಯಾಬಿನಲ್ಲಿ ಒಬ್ಬಳೇ ಕೂತು ಉಣ್ಣುತ್ತೇನೆ.

ರಿಸಲ್ಟ್ ಬಂದ ಮೇಲೆ ಹುಡುಗ ಟಿ.ಸಿ. ತೆಗೆದುಕೊಳ್ಳಲು ಬಂದ. ಫಸ್ಟ್ ಕ್ಲಾಸ್ ಬಂದಿತ್ತು. ಅಕ್ಕ ಗೇಟಿನ ಹತ್ತಿರ ಕೊಡೆ ಹಿಡಿದು ಕಾಯುತ್ತಿದ್ದಳು. ನಾನು ಕಪಾಟಿನ ಬೀಗ ತೆಗೆದು ಅವನ ಬುಕ್ಕು ಕೊಟ್ಟೆ. ಹಾಗೇ ತೆಗೆದುಕೊಂಡು ಹೋಗುತ್ತಾನೆ ಅಂದುಕೊಂಡಿದ್ದೆ. ಅವನು ಅದನ್ನು ಮೇಜಿನ ಮೇಲಿಟ್ಟು, ಬೆರಳಿಗೆ ಎಂಜಲು ಹಚ್ಚಿ, ಮೊದಲ ಪುಟದಿಂದ ಎಣಿಸತೊಡಗಿದ. ಖಾಲಿ ಪುಟಗಳನ್ನೂ ಬಿಡಲಿಲ್ಲ. ನಾನು ಒಂದು ಹಾಳೆಯನ್ನೂ ಹರಿದಿಲ್ಲ ಮಗ ಎಂದು ಹೇಳಲು ಬಾಯಿ ತೆರೆದವಳು, ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಕಪಾಟಿಗೆ ಪುನಃ ಬೀಗ ಹಾಕಿದೆ.

ಕೊನೆಯ ಹಾಳೆ ಮುಗಿಸಿ ಬುಕ್ಕು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

“ಎಲ್ಲ ಉಂಟು” ಎಂದು ಹೇಳಿ ಹೋದ.