ಅಂಬಿಗರ ಬೀದಿಯ ಕಾವಲುಗಾರ

ನಾನು ಅಕ್ಷರ ಕಲಿತದ್ದು ಸಿಟ್ಟಿನಿಂದ. ಮೂವತ್ತು ದಾಟಿದ ಮೇಲೆ, ನಾದಿನಿಯರು ಮುಸಿಮುಸಿ ನಗುತ್ತಿದ್ದರೂ ಬಿಡದೆ, ಮರಳಿನ ಮೇಲೆ ಬೆರಳಿಟ್ಟು ತಿದ್ದಿದೆ. ಹತ್ತು ವರ್ಷ ಮೊದಲೇ ಕಲಿತಿದ್ದರೆ ಒಂದೇ ಒಂದು ಕಾಗದ ಓದಿ ನನ್ನ ಅವ್ವನ ಮನೆ ಉಳಿಸುತ್ತಿದ್ದೆ. ಈಗ ಓದಿ ಏನು ಬಂತು, ನನ್ನ ಕರ್ಮ!

ನನ್ನ ತವರು ತಿರುಮಕೂಡಲು ನರಸೀಪುರದ ಹೊಳೆದಂಡೆಯ ಅಂಬಿಗರ ಬೀದಿ. ಕಪಿಲೆ ಬಂದು ಕಾವೇರಿ ಸೇರುವ ಕಡೆ ಹರಿಗೋಲು ಹಾಕಿ ಜನರನ್ನು, ಆಡುಕುರಿಗಳನ್ನು, ರಾಗಿ ಮೂಟೆಗಳನ್ನು ದಾಟಿಸುವವರು ನಾವು. ಹನ್ನೊಂದು ಮನೆ, ಎಲ್ಲಕ್ಕೂ ಎದೆಮಟ್ಟದ ಜಗಲಿ. ದೊಡ್ಡ ನೆರೆ ಬಂದು ಇಳಿದ ಮೇಲೆ, ನೀರು ಎಲ್ಲಿವರೆಗೆ ಏರಿತ್ತೋ ಅಲ್ಲಿಗೆ ಮನೆಯ ಯಜಮಾನ ನಡುಮನೆಯ ಕಂಬದಲ್ಲಿ ಉಳಿಯಿಂದ ಒಂದು ಗೀರು ಕೆತ್ತುತ್ತಿದ್ದ. ನಮ್ಮ ಕಂಬದಲ್ಲಿ ಏಳು ಗೀರುಗಳಿದ್ದವು. ಕಡೆಯದನ್ನು ಕೆತ್ತಿದ ಮರುವರ್ಷವೇ ಅಪ್ಪ ತೀರಿಕೊಂಡ.

ನನ್ನನ್ನು ಕೊಟ್ಟದ್ದು ನಂಜನಗೂಡಿಗೆ. ಮೊದಲ ಹೆರಿಗೆಗೆ ತವರಿಗೆ ಬಂದಿದ್ದಾಗ ಯಾವುದೋ ಕಚೇರಿಯ ಇಬ್ಬರು ಸಾಹೇಬರು ಜಟಕಾದಲ್ಲಿ ಬಂದಿಳಿದರು. ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿದರು, ಗೀರುಗಳನ್ನು ಅಳೆದು ಬರೆದುಕೊಂಡರು. ಇಂಥ ಬೀದಿ ಸೀಮೆಯಲ್ಲೇ ಇಲ್ಲ, ಇದನ್ನು ಇದ್ದ ಹಾಗೇ ಕಾಪಾಡಬೇಕು ಎಂದರು. ಅವ್ವ ಉಬ್ಬಿಹೋದಳು. ಅವರಿಗೆ ಎಳನೀರು ಕೊಚ್ಚಿಸಿಕೊಟ್ಟು, ಅಪ್ಪ ಕೆತ್ತಿದ ಗೀರು ಯಾವುದೆಂದು ತಾನೇ ಮುಂದೆ ನಿಂತು ತೋರಿಸಿದಳು.

ವಾರ ಕಳೆಯುವುದರೊಳಗೆ ಒಪ್ಪಿಗೆಯ ಕಾಗದ ಬಂತು. ತಂದವನು ನನ್ನ ಅಣ್ಣ. ಬೀದಿಗೆಲ್ಲ ನಾಲ್ಕಕ್ಷರ ಬಲ್ಲವನು ಅವನೊಬ್ಬನೇ. ಮನೆಮನೆಯವರೂ ಹೆಬ್ಬೆಟ್ಟು ಒತ್ತಬೇಕು ಎಂದ. ಅವ್ವ ಮಾತ್ರ ಕೈ ಚಾಚಲಿಲ್ಲ.

"ನಂಗೆ ಕಾಗ್ದ ಗೊತ್ತಾಗಕಿಲ್ಲ ಕಣ್ಲಾ. ಒಳೆ ಮೇಲೆ ಯೋಳು, ಒತ್ತೀನಿ," ಎಂದಳು.

ನಮ್ಮ ಬೀದಿಯ ಕಟ್ಟಳೆ ಅದು. ಜನ ದಾಟಿಸುವ ಸರದಿಗೋ ಮೀನಿನ ಪಾಲಿಗೋ ಜಗಳ ಬಿದ್ದರೆ ಇಬ್ಬರನ್ನೂ ಹರಿಗೋಲಿನಲ್ಲಿ ನಡುಹೊಳೆಗೆ ಒಯ್ದು, ಹುಟ್ಟು ಎತ್ತಿ ಹಿಡಿದು ಮಾತಾಡಿಸುತ್ತಿದ್ದರು. ಅಲ್ಲಿ ಆಡಿದ ಮಾತಿಗೆ ಸಾಕ್ಷಿ ಬೇಡ, ಬರಹ ಬೇಡ. ಹುಟ್ಟು ಹಿಡಿದವನ ಕೈಯಲ್ಲಿ ಎಲ್ಲರ ಜೀವ ಇರುವಾಗ ಯಾರು ತಾನೇ ಸುಳ್ಳಾಡುತ್ತಾರೆ? ಹಾಗೆಂದು ನಂಬಿದ್ದೆವು, ಮುಟ್ಠಾಳರು!

ಅಣ್ಣ ಅವ್ವನನ್ನೂ ಬೀದಿಯ ಮೂವರು ಹಿರಿಯರನ್ನೂ ಕೂರಿಸಿಕೊಂಡು ಹೊರಟ. ತುಂಬು ಬಸುರಿ ನಾನು ದಡದಲ್ಲೇ ನಿಂತೆ. ಸುಳಿ ತಿರುಗುವ ಜಾಗದ ಹತ್ತಿರ ಹುಟ್ಟು ಎತ್ತಿದ್ದು ಕಾಣಿಸಿತು. "ಯಾರ್ ಮನೇನೂ ಓಗಕಿಲ್ಲ, ಯಾರೂ ಎದ್ದೋಗಂಗಿಲ್ಲ. ಸರ್ಕಾರದೋರು ಕಂಬ ಕಾಯ್ತಾರೆ, ಅಷ್ಟೇಯ," ಎಂದನಂತೆ. ದಡಕ್ಕೆ ಬಂದವಳೇ ಅವ್ವ ಹೆಬ್ಬೆಟ್ಟು ಒತ್ತಿದಳು. ಅಷ್ಟೇ ಅಲ್ಲ, ಹಿಂದೆಮುಂದೆ ನೋಡುತ್ತಿದ್ದವರ ಮನೆಗೆಲ್ಲ ತಾನೇ ಹೋಗಿ, ನನ್ನ ಮಗ ಹೊಳೆಯ ಮೇಲೆ ಹೇಳಿದ್ದಾನೆ ಎಂದು ಒಪ್ಪಿಸಿ ಬಂದಳು.

ನನ್ನ ಮಗುವಿಗೆ ಎರಡು ತಿಂಗಳಾಗಿತ್ತು. ಕಚೇರಿಯ ಜವಾನ ಬೀದಿಯ ನಡುವೆ ನಿಂತು ಹುಕುಂ ಓದಿದ. ಬೀದಿಯನ್ನು ಇದ್ದ ಹಾಗೇ ಉಳಿಸುವುದಕ್ಕಾಗಿ ಅಲ್ಲಿ ಒಲೆ ಉರಿಸಕೂಡದು, ದನ ಕಟ್ಟಕೂಡದು, ಮೊಳೆ ಹೊಡೆಯಕೂಡದು, ಯಾರೂ ವಾಸ ಇರಕೂಡದು. ಹದಿನೈದು ದಿನದಲ್ಲಿ ಊರಾಚೆಯ ದಿಬ್ಬಕ್ಕೆ ಹೋಗಬೇಕು, ಇದಕ್ಕೆಲ್ಲ ನೀವೇ ಒಪ್ಪಿದ್ದೀರಿ ಎಂದ. ಬೀದಿಯನ್ನು ನೋಡಿಕೊಳ್ಳಲು ಒಬ್ಬ ಕಾವಲುಗಾರನನ್ನೂ ನೇಮಿಸಿದ್ದಾರೆ ಎಂದು ಹೇಳಿ, ಕೈಯಲ್ಲಿದ್ದ ಹಿತ್ತಾಳೆ ಬಿಲ್ಲೆಯನ್ನು ನನ್ನ ಅಣ್ಣನಿಗೆ ಕೊಟ್ಟ.

ಅವ್ವ ಮಗನ ಮುಖ ನೋಡಿದಳು. "ನಿಂಗೆ ಮೊದ್ಲೇ ಗೊತ್ತಿತ್ತೇನ್ಲಾ?"

"ಎಂಗಿದ್ರೂ ಬಿಡಿಸ್ತಿದ್ರು ಕಣವ್ವ. ನಂಗಾದ್ರೂ ಒಂದು ಕೆಲ್ಸ ಆಯ್ತಲ್ಲ," ಎಂದ. ಅವನ ನಾಲಿಗೆ ಸೇದಿಹೋಗಬಾರದಿತ್ತೇ ಎಂದು ಅಂದುಕೊಂಡೆ. ಈಗಲೂ ಅಂದುಕೊಳ್ಳುತ್ತೇನೆ, ಒಡಹುಟ್ಟಿದವನಾದರೇನು!

ದಿಬ್ಬದಿಂದ ಹೊಳೆಗೆ ಅರ್ಧ ಹರದಾರಿ. ಹರಿಗೋಲನ್ನು ತಲೆಯ ಮೇಲೆ ಹೊತ್ತು ಗಂಡಸರು ಬೆಳಿಗ್ಗೆ ಇಳಿಯುವುದು, ಸಂಜೆ ಹತ್ತುವುದು. ಅಕ್ಕಪಕ್ಕದ ಗುಡಿಸಲಿನ ಹೆಂಗಸರು ಅವ್ವನ ಹತ್ತಿರ ಬೆಂಕಿ ಕೇಳಲೂ ಬರುತ್ತಿರಲಿಲ್ಲ. ನಮ್ಮನ್ನು ಒಪ್ಪಿಸಿದವಳು ನೀನೇ ಎಂದು ಒಬ್ಬಳು ಮುಖಕ್ಕೇ ಅಂದಳು. ಅವ್ವ ಅದಕ್ಕೆ ಹೌದು ಎಂದಳು.

ಐದನೇ ತಿಂಗಳಿಗೆ ನಾನು ನಂಜನಗೂಡಿಗೆ ಹೊರಟೆ. ಬಾಣಂತನ ಮುಗಿಸಿದ ಹೆಣ್ಣು ತವರಿನ ಹೊಸಿಲಿಗೆ ಮಗುವಿನ ಹಣೆ ಮುಟ್ಟಿಸಿ ಹೊರಡಬೇಕು. ದಿಬ್ಬದ ಗುಡಿಸಲಿಗೆ ಹೊಸಿಲೇ ಇರಲಿಲ್ಲ. "ಒಂದ್ ಗಳಿಗೆ ಒಳಕ್ ಬಿಡ್ತಾನೆ, ಅವನೂ ನನ್ ಮಗನೇ ಅಲ್ವಾ," ಎಂದು ಅವ್ವ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನನ್ನು ಬೀದಿಗೆ ಕರೆದುಕೊಂಡು ಹೋದಳು.

ನಮ್ಮ ಮನೆಯ ಬಾಗಿಲಲ್ಲಿ ಅಣ್ಣ ರುಮಾಲು ಸುತ್ತಿ, ಬಿಲ್ಲೆ ಹಾಕಿಕೊಂಡು ನಿಂತಿದ್ದ. ಮನೆ ನೋಡಲು ಬಂದ ಸಾಹೇಬರೊಬ್ಬರು ಜಗಲಿ ಹತ್ತುತ್ತಿದ್ದರು. ಅಣ್ಣ ನಮ್ಮನ್ನು ನೋಡಿದ. ನೋಡಿದ್ದು ಸುಳ್ಳಲ್ಲ, ಅವನ ಕಣ್ಣು ಮಗುವಿನ ಮೇಲೆ ಬಿದ್ದದ್ದನ್ನು ನಾನು ಕಂಡೆ. ಆಮೇಲೆ ಒಂದು ಕೈಯನ್ನು ಬಾಗಿಲಿಗೆ ಅಡ್ಡ ಇಟ್ಟ.

"ಯಾರಿದ್ದರಯ್ಯಾ ಈ ಮನೆಯಲ್ಲಿ?" ಎಂದು ಸಾಹೇಬರು ಕೇಳಿದರು.

"ಯಾರೋ ಅಂಬಿಗ್ರು, ಬುದ್ಧಿ. ಅವ್ರ ಪೈಕಿ ಈಗ್ ಯಾರೂ ಇಲ್ಲ."

ಅವ್ವ ಜಗಲಿಯ ಕೆಳಗೇ ನಿಂತಿದ್ದಳು, ನಾಲ್ಕು ಮಾರು ದೂರದಲ್ಲಿ. ಕೂಗಾಡುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದುಕೊಂಡೆ. ಹಾಕಲಿ ಎಂದೇ ಕಾದೆ. ಅವಳು ಮಗುವಿನ ಮುಖದ ಮೇಲೆ ಸೆರಗು ಎಳೆದು ನನ್ನ ಕಡೆ ತಿರುಗಿದಳು.

"ನಡಿಯವ್ವ," ಎಂದಳು. "ಇಲ್ಲಿ ನಮ್ಮೋರು ಯಾರೂ ಇಲ್ವಂತೆ."