ಹೆಸರಿಲ್ಲದ ದವಡೆ

ಕಾಕಾ ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಇಪ್ಪತ್ತು ವರ್ಷ ಸೂರತ್ತಿನ ಕತಾರ್‌ಗಾಮಿನಲ್ಲಿ ವಜ್ರ ಉಜ್ಜಿದ ಕೈ ಅದು. ತಿರುಗುವ ಚಕ್ರಕ್ಕೆ ಹರಳು ಹಿಡಿದು ಹಿಡಿದು ಹರಳಿನ ಜೊತೆ ಬೆರಳೂ ನುಣುಪಾಗಿತ್ತು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. "ಸರ್ಕಾರದ ಮಟ್ಟಿಗೆ ನಾನು ಇನ್ನೂ ಹುಟ್ಟೇ ಇಲ್ಲ, ಬೆನ್," ಎಂದು ಮಾಸ್ಕಿನ ಹಿಂದೆಯೇ ನಗುತ್ತಿದ್ದರು. ಆ ನಗು ನನಗೆ ಕಣ್ಣುಗಳಲ್ಲಷ್ಟೇ ಕಾಣುತ್ತಿತ್ತು.

ವಜ್ರದ ಕೆಲಸ ಕುಸಿದಾಗ ಅವರು ಅದೇ ಕೈಯನ್ನು ಹಲ್ಲಿಗೆ ತಿರುಗಿಸಿದರು. ಕತಾರ್‌ಗಾಮಿನಲ್ಲಿ ಒಂದು ಕೋಣೆ, ಒಂದು ಕುಲುಮೆ, ಒಂದು ಕಿಟಕಿ. ಅಷ್ಟೇ ಅವರ ಡೆಂಟಲ್ ಲ್ಯಾಬು. ನಾನು ಅದೇ ಊರಿನ ಇನ್ನೊಂದು ಬದಿ, ಅಡಾಜಣ್‌ನಲ್ಲಿ ದಂತವೈದ್ಯೆ. ನನ್ನ ಅಪ್ಪ ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರು. ನನಗೆ ಅವರು ಕಾಕಾ, ಅಂದರೆ ಚಿಕ್ಕಪ್ಪ; ಅವರಿಗೆ ನಾನು ಬೆನ್, ಅಂದರೆ ತಂಗಿ. ನಾವು ಮಾತಾಡುತ್ತಿದ್ದುದು ಗುಜರಾತಿಯಲ್ಲಿ. ಇಲ್ಲಿ ಬರೆಯುತ್ತಿರುವುದು ನನ್ನ ಕನ್ನಡ.

ಬ್ರಿಡ್ಜ್ ಎಂದರೆ ಏನೆಂದು ಕೇಳಿದವರೆಲ್ಲ ಮೊದಲು ಬೆಚ್ಚುತ್ತಾರೆ. ಬಿದ್ದ ಒಂದು ಹಲ್ಲಿನ ಜಾಗ ತುಂಬಲು ಅದರ ಎಡಬಲದ ಎರಡು ಗಟ್ಟಿ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು. ಮೂರು ಹಲ್ಲು ಒಟ್ಟಿಗಿರುವ ಟೊಪ್ಪಿಗೆಯೊಂದನ್ನು ಅವುಗಳ ಮೇಲೆ ಕೂರಿಸಬೇಕು. ಉಜ್ಜಿ ಅಚ್ಚು ತೆಗೆಯುವುದು ನನ್ನ ಕೆಲಸ. ಆ ಅಚ್ಚಿಗೆ ಪ್ಲಾಸ್ಟರ್ ಎರೆದು ರೋಗಿಯ ದವಡೆಯನ್ನೇ ಮೇಜಿನ ಮೇಲೆ ಎಬ್ಬಿಸಿ, ಅದರ ಮೇಲೆ ಬ್ರಿಡ್ಜ್ ಕಟ್ಟುವುದು ಕಾಕಾ ಅವರ ಕೆಲಸ. ಕಟ್ಟಿದ್ದನ್ನು ವಜ್ರ ಕಟ್ಟುವ ಹಾಗೆಯೇ ಬಿಳಿ ಕಾಗದದಲ್ಲಿ ಐದು ಮಡಿಕೆ ಮಡಿಸಿ, ಮೇಲೆ ರೋಗಿಯ ಹೆಸರು ಬರೆದು ತರುತ್ತಿದ್ದರು. ಡಬ್ಬಿ ಕೊಡಿ ಎಂದರೆ ಕೇಳುತ್ತಿರಲಿಲ್ಲ.

ಕ್ಲಿನಿಕ್ ತೆರೆದ ಮೊದಲ ವರ್ಷ ನಾನು ಒಬ್ಬ ಟೀಚರಮ್ಮನ ಬ್ರಿಡ್ಜಿಗೆ ಅಚ್ಚು ಕಳಿಸಿದ್ದೆ. ಮರುದಿನವೇ ಕಾಕಾ ಸ್ಕೂಟರಿನಲ್ಲಿ ತಾಪಿ ನದಿ ದಾಟಿ ಬಂದರು. ಪ್ಲಾಸ್ಟರ್ ದವಡೆಯನ್ನು ನನ್ನ ಮುಂದಿಟ್ಟು, ಉಜ್ಜಿದ ಹಲ್ಲೊಂದನ್ನು ಆ ಗೆರೆಯಿಲ್ಲದ ಬೆರಳಿನಿಂದ ಸವರಿದರು.

"ಈ ಹಲ್ಲಿಗೆ ಏನು ರೋಗ ಇತ್ತು, ಬೆನ್?"

"ಏನೂ ಇಲ್ಲ. ಗಟ್ಟಿ ಹಲ್ಲು."

"ಮತ್ತೆ ಇಷ್ಟು ಯಾಕೆ ಉಜ್ಜಿದಿರಿ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಡಿಗ್ರಿ ಗೋಡೆಯ ಮೇಲೆ ತೂಗುತ್ತಿದೆ, ಇವರು ಯಾರು ಕೇಳಲು ಎನಿಸಿತು. ಅವರು ದನಿ ಏರಿಸಲಿಲ್ಲ. "ವಜ್ರ ಒಂದು ಕೂದಲು ಹೆಚ್ಚು ಉಜ್ಜಿದರೆ ಸೇಠ್ ಬೈಯುತ್ತಾನೆ. ಹಲ್ಲಿಗೆ ಸೇಠ್ ಇಲ್ಲ. ಅದಕ್ಕೇ ನಾವೇ ಹೆದರಬೇಕು," ಎಂದರು. ದವಡೆಯನ್ನು ಕೈಗೆತ್ತಿಕೊಂಡು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಇನ್ನೊಂದು ಚೂರು ಉಜ್ಜಿದ್ದರೆ ಆ ಟೀಚರಮ್ಮ ಎರಡನೆಯ ಹಲ್ಲನ್ನೂ ಕಳೆದುಕೊಳ್ಳುತ್ತಿದ್ದರು.

ಆಮೇಲೆ ಎರಡು ತಿಂಗಳು ಪ್ರತಿ ಭಾನುವಾರ ಅವರ ಕಿಟಕಿಯ ಪಕ್ಕ ಕೂತು ಪ್ಲಾಸ್ಟರ್ ಹಲ್ಲು ಉಜ್ಜಿದೆ. ಅವರು ವಜ್ರ ನೋಡುವ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. "ದವಡೆ ಎಲ್ಲ ಹೇಳುತ್ತದೆ, ಬೆನ್. ಕೇಳುವ ವ್ಯವಧಾನ ಬೇಕು," ಎನ್ನುವುದು ಅವರ ಮಾತು. ಇವತ್ತು ನನ್ನ ಕೈಗೆ ಏನಾದರೂ ಹೆಸರು ಬಂದಿದ್ದರೆ ಅದು ಕಾಲೇಜು ಕೊಟ್ಟದ್ದಲ್ಲ.

ಹನ್ನೊಂದು ವರ್ಷ ಹೀಗೆ ನಡೆಯಿತು. ಮಾಸ್ಕ್ ಮಾತ್ರ ಇಳಿಯಲೇ ಇಲ್ಲ. ಲ್ಯಾಬಿನ ಧೂಳು ಎನ್ನುತ್ತಿದ್ದರು, ನಾನೂ ನಂಬಿದ್ದೆ. ನನ್ನ ಕ್ಲಿನಿಕ್ಕಿನ ಚಹಾ ಅವರ ಮುಂದೆ ತಣ್ಣಗಾಗುತ್ತಿತ್ತು. ಅಪ್ಪನ ಹೋಟೆಲಿಗೆ ಹೋದರೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರಂತೆ. ಅಪ್ಪ ಒಮ್ಮೆ ಬೇಸರದಿಂದ ಹೇಳಿದ್ದರು, "ನಿನ್ನ ಕಾಕಾ ಎಂತ ಮಾರಾಯ್ತಿ, ಸಾಂಬಾರು ಮುಟ್ಟೂದೇ ಇಲ್ಲ. ಇಡ್ಲಿಗೆ ಮೊಸರು ಹಾಕಿ ಮಕ್ಕಳ ಹಾಗೆ ಕಲಸಿ ತಿಂತಾರೆ. ನಮ್ಮ ಸಾಂಬಾರಿಗೆ ಎಂತ ದೋಷ ಉಂಟು?" ನಾನು ನಕ್ಕು ಬಿಟ್ಟಿದ್ದೆ.

ಹೋದ ದೀಪಾವಳಿಗೆ ಸ್ವಲ್ಪ ಮೊದಲು ಅವರು ಒಂದು ಪ್ಲಾಸ್ಟರ್ ದವಡೆ ತಂದಿಟ್ಟರು. ಕೆಳಗಿನದು, ಎಡಗಡೆ ಒಂದು ದವಡೆಹಲ್ಲು ಇರಲಿಲ್ಲ. ಹೆಸರೂ ಬರೆದಿರಲಿಲ್ಲ. "ಪರಿಚಯದವರದು. ಬ್ರಿಡ್ಜ್ ಆಗುತ್ತದೆಯೇ ನೋಡಿ," ಎಂದರು. ಹೊರಗೆ ಆರು ಜನ ಕಾಯುತ್ತಿದ್ದರು. ದವಡೆಯ ನಡುವೆ ಮುಂಬಲ್ಲುಗಳ ಹತ್ತಿರ ಒಂದು ಗೆರೆ ಇತ್ತು. ಬಲಕ್ಕೊಂದು ಎಡಕ್ಕೊಂದು ಅಚ್ಚು ತೆಗೆದು ಅಂಟಿಸಿದ ಗೆರೆ. "ಯಾರು ಕಾಕಾ ಈ ಅಚ್ಚು ತೆಗೆದ ಮಹಾಶಯ? ನನಗೆ ಅಷ್ಟು ಬೈಯುವವರು ಇಂಥದ್ದನ್ನು ಹೇಗೆ ಒಪ್ಪಿಕೊಂಡಿರಿ?" ಎಂದು ಚುಡಾಯಿಸಿದೆ. ಅವರ ಕಣ್ಣುಗಳು ನಕ್ಕವು. "ಪೇಷಂಟನ್ನೇ ಕಳಿಸಿ, ನೋಡುತ್ತೇನೆ," ಎಂದೆ. "ಬರುತ್ತಾನೆ, ದೀಪಾವಳಿ ಕಳೆಯಲಿ," ಎಂದು ದವಡೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ದೀಪಾವಳಿ ಕಳೆಯಿತು, ಹಬ್ಬಕ್ಕೆ ಮುಚ್ಚಿದ್ದ ವಜ್ರದ ಕಾರ್ಖಾನೆಗಳೆಲ್ಲ ಮತ್ತೆ ತೆರೆದವು, ಲ್ಯಾಬು ತೆರೆಯಲಿಲ್ಲ. ಊರಲ್ಲಿದ್ದೇನೆ ಎಂದು ಫೋನಿಗೆ ಒಂದು ಸಂದೇಶ ಬಂತು. ನಾನು ಬೇರೆ ಲ್ಯಾಬಿಗೆ ಕೆಲಸ ಕೊಟ್ಟೆ, ಸಿಟ್ಟೂ ಮಾಡಿಕೊಂಡೆ.

ಹೋಳಿಯ ಹೊತ್ತಿಗೆ ಅವರ ಹೆಂಡತಿ, ಕಾಕಿ, ಬಿಳಿ ಸೀರೆಯಲ್ಲಿ ಕ್ಲಿನಿಕ್ಕಿಗೆ ಬಂದರು. ಕಾಕಾ ಊರಿಗೆ ಹೋಗಿರಲೇ ಇಲ್ಲ, ಅಹಮದಾಬಾದಿನ ಆಸ್ಪತ್ರೆಯಲ್ಲಿದ್ದರು. ಬಾಯಿಯ ಕ್ಯಾನ್ಸರ್. ತೀರಿಹೋಗಿ ಹದಿನೈದು ದಿನವಾಗಿತ್ತು. ವಜ್ರದ ಚಕ್ರದ ಮುಂದೆ ಕೂತ ಕಾಲದಿಂದಲೂ ಅಡಿಕೆ, ಸುಣ್ಣ, ತಂಬಾಕು ಉಜ್ಜಿ ಮಾಡಿದ ಮಾವಾ ಜಗಿಯುತ್ತಿದ್ದರಂತೆ. ನಿಮ್ಮ ಮುಂದೆ ನಾಚಿಕೆ ಅವರಿಗೆ ಎಂದರು ಕಾಕಿ.

ಆಮೇಲೆ ಚೀಲದಿಂದ ಆ ದವಡೆಯನ್ನೂ ಒಂದು ಮಡಿಸಿದ ಕಾಗದವನ್ನೂ ತೆಗೆದರು. "ಎಲ್ಲರದ್ದರಲ್ಲೂ ಹೆಸರಿದೆ, ಇದರಲ್ಲಿಲ್ಲ. ಯಾರದೆಂದು ಹೇಳಿದರೆ ತಲುಪಿಸುತ್ತೇನೆ."

ಕಾಗದ ಬಿಡಿಸಿದೆ. ಒಳಗೆ ಮೂರು ಹಲ್ಲಿನ ಬ್ರಿಡ್ಜ್. ಪ್ಲಾಸ್ಟರಿನ ಎರಡು ಹಲ್ಲುಗಳನ್ನು ತಾವೇ ಉಜ್ಜಿಕೊಂಡಿದ್ದರು, ಒಂದು ಕೂದಲೂ ಹೆಚ್ಚಿಲ್ಲದಂತೆ. ಆಮೇಲೆ ಕಣ್ಣು ಆ ನಡುವಿನ ಗೆರೆಯ ಮೇಲೆ ಬಿತ್ತು. ಬಾಯಿ ಪೂರ್ತಿ ತೆರೆಯುವವರಿಗೆ ಅಚ್ಚನ್ನು ಯಾರೂ ಹಾಗೆ ಎರಡು ತುಂಡಾಗಿ ತೆಗೆಯುವುದಿಲ್ಲ. ಅಡಿಕೆ ತಂಬಾಕಿಗೆ ಕೆನ್ನೆ ಒಳಗೇ ಬಿಗಿದು, ಎರಡು ಬೆರಳೂ ಹೋಗದ ಬಾಯಿಗೆ ಮಾತ್ರ ಹಾಗೆ ತೆಗೆಯುತ್ತಾರೆ. ಖಾರ ಮುಟ್ಟಿದರೆ ಉರಿಯುವುದೂ ಅದೇ ಬಾಯಿಗೆ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರೆ. ಆ ದೀಪ ನಾನೇ ಎಂದು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ.

ಈಗ ಕ್ಲಿನಿಕ್ಕಿಗೆ ನೀರಿನ ಕ್ಯಾನ್ ತರುವವರೂ ಬಾಯಿ ಪೂರ್ತಿ ತೆರೆಯುತ್ತದೆಯೆಂದು ಮೂರು ಬೆರಳು ಒಳಗಿಟ್ಟು ತೋರಿಸದೆ ಹೊರಗೆ ಹೋಗುವಂತಿಲ್ಲ. ನನಗೆ ಹುಚ್ಚು ಎಂದು ನಗುತ್ತಾರೆ, ನಗಲಿ.

ಅಂದು ನಾನು ಕಾಕಿಗೆ ನಿಜವನ್ನೇ ಹೇಳಿದೆ, ಇದು ಕಾಕಾ ಅವರದೇ ದವಡೆ ಎಂದೆ. ಅವರು ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡರು. ಆಮೇಲೆ ಕೇಳಿದರು, "ಅಷ್ಟು ವರ್ಷ ನಿಮ್ಮ ಹತ್ತಿರವೇ ಓಡಾಡಿಕೊಂಡಿದ್ದರಲ್ಲ ಬೆನ್, ಒಂದು ಸಲ ನಿಮಗೆ ಯಾಕೆ ತೋರಿಸಲಿಲ್ಲ?"

"ತೋರಿಸಿದ್ದರು," ಎಂದೆ.